ಮಕ್ಕಳು ಮಲಗುವ ಕೋಣೆಗೆ ಎಂಥ ಬಣ್ಣ? ಮೈಸೂರು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮ್ಮ ಜಿಲ್ಲೆಯ ಸರ್ಕಾರಿ ವಿದ್ಯಾರ್ಥಿನಿಲಯಗಳು, ಅಂಗನವಾಡಿಗಳು, ಆರೋಗ್ಯ ಕೇಂದ್ರಗಳು ಮತ್ತು ನೌಕರರ ವಸತಿಗೃಹಗಳ ಒಳಭಾಗಕ್ಕೆ ಬಣ್ಣ ಹೊಡೆಸುವ ಕೆಲಸದ ಅಂದಾಜುಪಟ್ಟಿಯಲ್ಲಿ ಒಂದು ಸಾಲನ್ನು ತಿದ್ದಿಸಿಕೊಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ. ಅಳತೆ ಪುಸ್ತಕ, ದರಪಟ್ಟಿ, ಬಿಲ್ಲುಗಳ ನಡುವೆಯೇ ಉದ್ಯೋಗದ ವರ್ಷಗಳನ್ನೆಲ್ಲ ಕಳೆದು ನಿವೃತ್ತನಾದ ಕಟ್ಟಡ ಇಂಜಿನಿಯರ್ ನಾನು. ಇದನ್ನು ಕಚೇರಿಯಲ್ಲಿ ಅರ್ಜಿಯಾಗಿ ಸಲ್ಲಿಸಿ ಸ್ವೀಕೃತಿ ಪಡೆಯಬಹುದಿತ್ತು. ಆದರೆ ದಸರೆ ಹತ್ತಿರವಾಗುತ್ತಿದ್ದಂತೆ ಸ್ವಂತ ಮನೆಗೆ ಬಣ್ಣ ಹೊಡೆಸಲು ಹೊರಡುವ ಊರಿನ ಜನರೂ ಇದನ್ನು ಓದಬೇಕೆಂಬುದು ನನ್ನ ಆಸೆ. ಸರ್ಕಾರಿ ಕಟ್ಟಡದ ಗೋಡೆಗೆ ಹೇಳುವ ಮಾತೇ ಖಾಸಗಿ ಮನೆಯ ಗೋಡೆಗೂ ಸಲ್ಲುತ್ತದೆ.

ನಾನು ಹೇಳುವ ಸಾಲು ಯಾವುದೆಂದು ತಮ್ಮ ಕೈಕೆಳಗಿನ ಯಾವ ಇಂಜಿನಿಯರನ್ನು ಕೇಳಿದರೂ ತೋರಿಸುತ್ತಾರೆ. ಅನುಮೋದಿತ ತಯಾರಿಕೆಯ, ಅನುಮೋದಿತ ಛಾಯೆಯ ಬಣ್ಣವನ್ನು ಇಷ್ಟು ಕೋಟ್ ಬಳಿದು ಮೇಲ್ಮೈ ಸಮನಾಗಿ ಕಾಣುವಂತೆ ಮಾಡಬೇಕು ಎಂಬರ್ಥದ ಸಾಲು ಅದು. ಅದರಲ್ಲಿ ಗೋಡೆ ಉಜ್ಜುವುದು, ಪುಟ್ಟಿ ಹಚ್ಚುವುದು, ಪ್ರೈಮರ್, ಸಾರವೆ, ನೆಲಕ್ಕೆ ಬಿದ್ದ ಬಣ್ಣ ಒರೆಸುವುದು ಎಲ್ಲವೂ ಅಡಕವಾಗಿರುತ್ತವೆ. ಕಣ್ಣಿಗೆ ಕಾಣುವುದೊಂದನ್ನೂ ಅದು ಬಿಟ್ಟಿಲ್ಲ. ಆ ಡಬ್ಬದಿಂದ ಕೋಣೆಯ ಗಾಳಿಗೆ ಸೇರುವುದು ಏನು, ಎಷ್ಟು ಎಂಬುದರ ಬಗ್ಗೆ ಮಾತ್ರ ಅದು ಮೌನವಾಗಿದೆ. ಕೆಲಸ ಮುಗಿದು ಎಷ್ಟು ದಿನಗಳ ಮೇಲೆ ಮಕ್ಕಳನ್ನು ಒಳಗೆ ಬಿಡಬಹುದು ಎಂಬುದರ ಬಗ್ಗೆಯೂ ಅದರಲ್ಲಿ ಅಕ್ಷರವಿಲ್ಲ.

ಬಣ್ಣದ ಡಬ್ಬದಲ್ಲಿ ಮುಖ್ಯವಾಗಿ ಇರುವುದು ಬಣ್ಣ ಕೊಡುವ ಪುಡಿ, ಆ ಪುಡಿಯನ್ನು ಗೋಡೆಗೆ ಕಚ್ಚಿಸುವ ಅಂಟು, ಮತ್ತು ಇವೆರಡನ್ನೂ ಬ್ರಷ್ಷಿಗೆ ಹತ್ತುವಂತೆ ತೆಳುವಾಗಿಸುವ ದ್ರವ. ಪುಡಿ ಮತ್ತು ಅಂಟು ಗೋಡೆಯಲ್ಲಿ ಉಳಿಯುತ್ತವೆ, ದ್ರವ ಆರಿ ಗಾಳಿಗೆ ಹೋಗುತ್ತದೆ. ಆ ದ್ರವ ನೀರಾಗಿದ್ದರೆ ಬಹುಮಟ್ಟಿಗೆ ಹೋಗುವುದು ನೀರಾವಿ. ಅದು ಪೆಟ್ರೋಲಿಯಂ ಮೂಲದ ದ್ರಾವಕವಾಗಿದ್ದರೆ ಹೋಗುವುದು ವಿಒಸಿ ಎಂದು ಕರೆಯುವ, ಸುಲಭವಾಗಿ ಆವಿಯಾಗುವ ಸಾವಯವ ರಾಸಾಯನಿಕಗಳು. ಬಾಗಿಲು, ಕಿಟಕಿಗೆ ಬಳಿಯುವ ಎಣ್ಣೆಬಣ್ಣದ, ಅಂದರೆ ಎನಾಮಲ್ಲಿನ ಡಬ್ಬ ತೆರೆದ ಕೂಡಲೇ ಮೂಗಿಗೆ ಅಡರುವುದು ಅವೇ. ಕಣ್ಣುರಿ, ಗಂಟಲು ಕೆರೆತ, ತಲೆನೋವು, ತಲೆಸುತ್ತು ಅವುಗಳ ತಕ್ಷಣದ ಪರಿಣಾಮಗಳು. ಆಸ್ತಮಾ ಇರುವವರಿಗೆ ಅವು ಉಬ್ಬಸವನ್ನು ಕೆದಕಬಲ್ಲವು. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತಾರೆ, ಹಾಗಾಗಿ ಒಂದೇ ಕೋಣೆಯಲ್ಲಿದ್ದರೂ ಅವರ ಪಾಲು ದೊಡ್ಡದು.

ಗೋಡೆಗೆ ಬಳಿಯುವ, ನೀರಿನಲ್ಲಿ ಕಲಸುವ ಎಮಲ್ಷನ್‌ಗಳಲ್ಲಿಯೂ ಸ್ವಲ್ಪ ವಿಒಸಿ ಇರುತ್ತದೆ ಎಂಬುದನ್ನು ಮರೆಮಾಚಬಾರದು. ಬಣ್ಣದ ಪದರ ಬಿರುಕಿಲ್ಲದೆ ಕೂಡಿಕೊಳ್ಳಲೆಂದು ಸೇರಿಸುವ ಕೆಲವು ನಿಧಾನ ದ್ರಾವಕಗಳು ಗೋಡೆ ಒಣಗಿತೆಂದು ನಾವು ತಿಳಿದ ಮೇಲೂ ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಹೊರಬರುತ್ತವೆ. ಆದ್ದರಿಂದ ಬಣ್ಣ ನೀರಿನದೋ ಎಣ್ಣೆಯದೋ ಎಂದು ಕೇಳಿ ಸುಮ್ಮನಾದರೆ ಸಾಲದು, ಲೀಟರಿಗೆ ಎಷ್ಟು ಗ್ರಾಂ ಎಂದು ಕೇಳಬೇಕಾಗುತ್ತದೆ. ಐರೋಪ್ಯ ಒಕ್ಕೂಟ ಈ ಪ್ರಶ್ನೆಗೆ 2004ರ ನಿರ್ದೇಶನದಲ್ಲೇ ಉತ್ತರ ಬರೆದಿಟ್ಟಿದೆ. ಅದರಂತೆ 2010ರಿಂದ ಒಳಗೋಡೆ ಮತ್ತು ಚಾವಣಿಗೆ ಬಳಿಯುವ, ಹೊಳಪಿಲ್ಲದ ನೀರು ಆಧಾರಿತ ಬಣ್ಣದಲ್ಲಿ ವಿಒಸಿ ಲೀಟರಿಗೆ 30 ಗ್ರಾಂ ಮೀರುವಂತಿಲ್ಲ. ಬಾಗಿಲು, ಕಿಟಕಿಗಳಿಗೆ ಬಳಿಯುವ ನೀರು ಆಧಾರಿತ ಬಣ್ಣಕ್ಕೆ 130 ಗ್ರಾಂ, ದ್ರಾವಕ ಆಧಾರಿತ ಬಣ್ಣಕ್ಕೆ 300 ಗ್ರಾಂ ಮಿತಿ. ನಮ್ಮಲ್ಲಿ ಸೀಸಕ್ಕೆ ಕಾನೂನು ಒಂದು ಗೆರೆ ಎಳೆದಿದೆ (ಅದಕ್ಕೆ ಮುಂದೆ ಬರುತ್ತೇನೆ), ಆದರೆ ಮನೆಬಣ್ಣದ ಆವಿಗೆ ಅಂಥ ಕಡ್ಡಾಯದ ಗೆರೆ ಬಂದಿಲ್ಲ. ಬಾರದಿದ್ದರೇನು, ಹಣ ಕೊಡುವ ಗ್ರಾಹಕನಾಗಿ ಜಿಲ್ಲಾಡಳಿತ ತನ್ನ ಕೆಲಸಗಳ ಮಟ್ಟಿಗೆ ಗೆರೆ ಎಳೆಯಲು ಯಾರ ಅಡ್ಡಿಯೂ ಇಲ್ಲ.

ಈಗ ಒಂದು ಹಾಸ್ಟೆಲ್ ಕೋಣೆಯ ಲೆಕ್ಕ ಹಾಕೋಣ. ಹತ್ತಡಿ ಅಗಲ, ಹನ್ನೆರಡಡಿ ಉದ್ದ, ಹತ್ತಡಿ ಎತ್ತರದ ಕೋಣೆಯಲ್ಲಿ ಬಾಗಿಲು ಕಿಟಕಿಗಳ ಜಾಗ ಕಳೆದರೆ ಗೋಡೆ ಮತ್ತು ಚಾವಣಿ ಸೇರಿ ಸುಮಾರು 500 ಚದರಡಿ ಬರುತ್ತದೆ. ಎರಡು ಕೋಟ್ ಬಳಿಯಲು ಎಂಟು ಲೀಟರ್ ಎಮಲ್ಷನ್ ಬೇಕು. ಲೀಟರಿಗೆ 30 ಗ್ರಾಂ ಮಿತಿಯ ಬಣ್ಣವಾದರೆ ಗಾಳಿಗೆ ಸೇರುವುದು 240 ಗ್ರಾಂ. ಇನ್ನು ಬಾಗಿಲಿನ ಎರಡೂ ಮುಖ, ಚೌಕಟ್ಟು, ಕಿಟಕಿ, ಸರಳು ಎಲ್ಲ ಸೇರಿ ನೂರು ಚದರಡಿ ಎಂದಿಟ್ಟುಕೊಳ್ಳಿ. ಅದಕ್ಕೆ ಎರಡು ಲೀಟರ್ ಸಾಮಾನ್ಯ ಎಣ್ಣೆಬಣ್ಣ, ಅಂದರೆ ಸಿಂಥೆಟಿಕ್ ಎನಾಮಲ್ ಹಿಡಿಯುತ್ತದೆ. ಇದರಲ್ಲಿ ಲೀಟರಿಗೆ 350 ಗ್ರಾಂ ವಿಒಸಿ ಇರುವುದು ವಿಶೇಷವೇನಲ್ಲ, ಅಲ್ಲಿಗೆ 700 ಗ್ರಾಂ ಆಯಿತು. ಬಣ್ಣ ತೆಳುವಾಗಲೆಂದು ಮತ್ತು ಬ್ರಷ್ ತೊಳೆಯಲೆಂದು ಬಳಸುವ ಅರ್ಧ ಲೀಟರ್ ಟರ್ಪೆಂಟೈನ್ ಅಥವಾ ಥಿನ್ನರ್ ಪೂರ್ತಿಯಾಗಿ ಆವಿಯೇ, ಅದು ಇನ್ನೊಂದು 400 ಗ್ರಾಂ. ಹೀಗೆ ಗೋಡೆ, ಚಾವಣಿಯ ಐದನೇ ಒಂದು ಭಾಗದಷ್ಟೇ ಇರುವ ಬಾಗಿಲು, ಕಿಟಕಿಗಳು ಅವುಗಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಆವಿ ಬಿಡುತ್ತವೆ. ಅದೇ ಜಾಗಕ್ಕೆ 130 ಗ್ರಾಂ ಮಿತಿಯ ನೀರು ಆಧಾರಿತ ಎನಾಮಲ್ ಬಳಿದು ನೀರಿನಲ್ಲೇ ಬ್ರಷ್ ತೊಳೆದರೆ 1,100 ಗ್ರಾಂ ಇದ್ದದ್ದು 260 ಗ್ರಾಂಗೆ ಇಳಿಯುತ್ತದೆ.

ಗೋಡೆಗೆ ಪರಿಸರಸ್ನೇಹಿ ಬಣ್ಣ ಎಂದು ಹೆಚ್ಚು ಹಣ ಕೊಡುವ ಎಷ್ಟೋ ಮನೆಯವರು ಈ ಲೆಕ್ಕವನ್ನು ಗಮನಿಸುವುದಿಲ್ಲ. ಹಾಲ್‌ಗೆ ಅತಿ ಕಡಿಮೆ ವಾಸನೆಯ ಎಮಲ್ಷನ್ ಆರಿಸಿ, ಬಾಗಿಲಿಗೆ ಹಳೆಯ ಎನಾಮಲ್ಲನ್ನೇ ಹೊಡೆಸಿ, ವಾರ್ಡ್‌ರೋಬಿಗೆ ದ್ರಾವಕ ಆಧಾರಿತ ಮೆಲಮೈನ್ ಪಾಲಿಶ್ ಮಾಡಿಸುತ್ತಾರೆ. ಅಗ್ಗದ ಪ್ಲೈವುಡ್ಡಿನ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಬೇರೆ. ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕಗಳ ಮೊದಲನೆಯ ವರ್ಗದಲ್ಲಿಟ್ಟಿದೆ. ಮನೆಯೊಳಗಿನ ಗಾಳಿಯ ಬಗ್ಗೆ ನಿಜವಾಗಿ ಕಾಳಜಿ ಇರುವವರು ಮೊದಲು ನೋಡಬೇಕಾದದ್ದು ಮರಕ್ಕೂ ಕಬ್ಬಿಣಕ್ಕೂ ಬಳಿಯುವುದೇನು ಎಂಬುದನ್ನು, ಗೋಡೆ ಆಮೇಲಿನದು.

ಹಾಸ್ಟೆಲ್ಲಿನ ವಿಷಯಕ್ಕೆ ಮರಳುತ್ತೇನೆ. ಬೇಸಿಗೆ ರಜೆಯಲ್ಲಿ ಮಕ್ಕಳು ಊರಿಗೆ ಹೋಗಿರುವಾಗ, ಬಿಸಿಲು ಜೋರಾಗಿದ್ದು ಗೋಡೆ ಬೇಗ ಒಣಗುವಾಗ ನಡೆಯಬೇಕಾದ ಕೆಲಸ, ಮಂಜೂರಾತಿ ತಡವಾಗಿ, ಟೆಂಡರ್ ತಡವಾಗಿ, ಕೊನೆಗೆ ಮಳೆಗಾಲದಲ್ಲಿ ಮಕ್ಕಳು ಒಳಗಿರುವಾಗಲೇ ನಡೆಯುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅಂಥ ಒಂದು ಕೋಣೆಯಲ್ಲಿ ಟ್ರಂಕುಗಳನ್ನು ನಡುವೆ ರಾಶಿ ಹಾಕಿ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದರು. ಕಿಟಕಿಗೆ ಬೆಳಿಗ್ಗೆ ಹೊಡೆದ ಎನಾಮಲ್ ಸಂಜೆಗೂ ಅಂಟಂಟಾಗಿತ್ತು. ಜಡಿಮಳೆ ಬಂದದ್ದರಿಂದ ಯಾರೋ ಕಿಟಕಿ ಎಳೆದು ಮುಚ್ಚಿದ್ದರು, ಬಣ್ಣ ಕಚ್ಚಿಕೊಂಡು ರೆಕ್ಕೆ ಚೌಕಟ್ಟಿಗೇ ಅಂಟಿಬಿಟ್ಟಿತ್ತು, ಮರುದಿನ ಉಳಿಯಿಂದ ಎಬ್ಬಿಸಬೇಕಾಯಿತು. ಆ ರಾತ್ರಿ ಹುಡುಗರು ಮಲಗಿದ್ದು ಅದೇ ಕೋಣೆಯಲ್ಲಿ. ಬಿಲ್ಲಿನಲ್ಲಿ ಆ ಕೆಲಸಕ್ಕೆ ಯಾವ ಆಕ್ಷೇಪಣೆಯೂ ಬರಲಿಲ್ಲ. ಬರುವುದಾದರೂ ಹೇಗೆ, ಛಾಯೆ ಸಮನಾಗಿಯೇ ಇತ್ತು.

ವಾಸನೆಯ ಬಗ್ಗೆ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ವಾಸನೆ ಕಡಿಮೆ ಎಂದು ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಬರೆದ ಮಾತ್ರಕ್ಕೆ ವಿಒಸಿ ಕಡಿಮೆ ಎಂದು ನಂಬುವಂತಿಲ್ಲ. ಹಳಸಿದ ಸಾರಿಗೆ ಇಂಗಿನ ಒಗ್ಗರಣೆ ಕೊಟ್ಟಂತೆ, ಸುಗಂಧ ಬೆರೆಸಿ ಮೂಗನ್ನು ಸಮಾಧಾನಪಡಿಸುವ ಬಣ್ಣಗಳೂ ಇರುತ್ತವೆ. ಇದಕ್ಕೆ ತಿರುಗುಮುರುಗಾಗಿ, ಒಳ್ಳೆಯ ಎಮಲ್ಷನ್ ಕೂಡ ಹೊಡೆದ ಹೊಸದರಲ್ಲಿ ಅಮೋನಿಯಾದ ಘಾಟು ಸೂಸಬಹುದು, ಅದು ಬೇಗ ಹೋಗುತ್ತದೆ. ಆದ್ದರಿಂದ ಮೂಗನ್ನು ಒಂದು ಸುಳಿವೆಂದು ಇಟ್ಟುಕೊಂಡು, ತೀರ್ಪನ್ನು ಗ್ರಾಂ ಲೆಕ್ಕಕ್ಕೆ ಬಿಡುವುದು ಒಳ್ಳೆಯದು. ಹೊಸ ಬಣ್ಣದ ಕೋಣೆಯಲ್ಲಿ ಈರುಳ್ಳಿ ಹೆಚ್ಚಿಟ್ಟರೆ ಘಾಟು ಹೀರುತ್ತದೆ ಎಂಬ ಮನೆಮದ್ದಿನಿಂದ ಕೋಣೆಗೆ ಈರುಳ್ಳಿಯ ವಾಸನೆ ಬರುತ್ತದೆ, ಅಷ್ಟೇ. ನಮ್ಮ ಊರು ಊದುಬತ್ತಿಗೆ ಹೆಸರಾದದ್ದೇನೋ ನಿಜ, ಆದರೂ ಎನಾಮಲ್ ಆರುತ್ತಿರುವ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಊದುಬತ್ತಿ ಹಚ್ಚುವುದು ಹೊಗೆಯನ್ನೂ ಸೇರಿಸಿ, ಬೆಂಕಿಯ ಅಪಾಯವನ್ನೂ ತರುತ್ತದೆ. ಆವಿ ಹೊರಹೋಗಲು ಇರುವ ದಾರಿ ತೆರೆದ ಕಿಟಕಿ, ಅದರ ಎದುರಿನ ಇನ್ನೊಂದು ತೆರೆದ ಕಿಟಕಿ ಅಥವಾ ಬಾಗಿಲು.

ವಿಒಸಿ ಇಲ್ಲವೇ ಇಲ್ಲ ಎಂದು ಮಾರುವ ಬಣ್ಣಗಳ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಆ ಮಾತು ಹೆಚ್ಚಾಗಿ ಅನ್ವಯಿಸುವುದು ಡಬ್ಬದಲ್ಲಿರುವ ಬಿಳಿಯ ಮೂಲಬಣ್ಣಕ್ಕೆ. ಅಂಗಡಿಯ ಯಂತ್ರದ ಕೆಳಗಿಟ್ಟು, ಛಾಯಾಪುಸ್ತಕದ ಸಂಖ್ಯೆ ಒತ್ತಿ, ಬಣ್ಣದ ಗಾಢದ್ರವವನ್ನು ಹನಿಹನಿಯಾಗಿ ಬೀಳಿಸಿ ಕುಲುಕಿದ ಮೇಲೆ ಡಬ್ಬದಲ್ಲಿರುವುದು ಬೇರೆಯೇ ಮಿಶ್ರಣ. ಆ ಗಾಢದ್ರವದಲ್ಲಿ ವಿಒಸಿ ಇದ್ದರೆ, ಛಾಯೆ ಗಾಢವಾದಷ್ಟೂ ಅದು ಹೆಚ್ಚು ಸೇರುತ್ತದೆ. ತೆಳುಬಣ್ಣಗಳು ಮಕ್ಕಳ ಕೋಣೆಗೆ ಉತ್ತಮ ಎನ್ನಲು ಇದೂ ಒಂದು ಕಾರಣ. ಬೂಷ್ಟು ಹಿಡಿಯದಂತೆ ತಡೆಯುತ್ತದೆ ಎಂಬ ಬಣ್ಣಗಳಲ್ಲಿರುವ ಶಿಲೀಂಧ್ರನಾಶಕಗಳು ಕೆಲವರಿಗೆ ಚರ್ಮದ ಅಲರ್ಜಿ ತರುವಂಥವು. ಗೋಡೆ ಬೂಷ್ಟು ಹಿಡಿದಿದ್ದರೆ ಅದರ ಮೂಲ ಸಜ್ಜೆಯ ಬಿರುಕಿನಲ್ಲೋ ಸೋರುವ ಪೈಪಿನಲ್ಲೋ ಇರುತ್ತದೆ, ಅದನ್ನು ದುರಸ್ತಿ ಮಾಡಿಸದೆ ಮೇಲೆ ಎಂಥ ಬಣ್ಣ ಬಳಿದರೂ ಮುಂದಿನ ಮಳೆಗೆ ಉಬ್ಬಿ ಉದುರುತ್ತದೆ.

ಇನ್ನು ಸೀಸ. ಗೃಹ ಮತ್ತು ಅಲಂಕಾರಿಕ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗವನ್ನು, ಅಂದರೆ 90 ಪಿಪಿಎಂ ಮೀರಬಾರದೆಂದು ಕೇಂದ್ರ ಪರಿಸರ ಸಚಿವಾಲಯ 2016ರ ನವೆಂಬರ್ 1ರಂದು ನಿಯಮ ಪ್ರಕಟಿಸಿತು, ಅದು ಒಂದು ವರ್ಷದ ಬಳಿಕ ಜಾರಿಗೆ ಬಂತು. ಸೀಸದ ಮಟ್ಟಿಗೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳೆಯುತ್ತಿರುವ ಮಗುವಿನ ಮೆದುಳಿಗೆ ಅದು ಮಾಡುವ ಹಾನಿಯನ್ನು ಮತ್ತೆ ಸರಿಪಡಿಸಲಾಗದು. ಹೊಸ ಡಬ್ಬ ಕೊಳ್ಳುವವರು ಅದರ ಮೇಲೆ ಸೀಸದ ಪ್ರಮಾಣದ ಬರಹ ಇದೆಯೇ ಎಂದು ನೋಡಿಕೊಳ್ಳಬಹುದು, ಹೆಸರೇ ಇಲ್ಲದ ಸಡಿಲ ಬಣ್ಣ ಕೊಳ್ಳುವವರಿಗೆ ಆ ರಕ್ಷಣೆಯೂ ಇಲ್ಲ.

ಆದರೆ ಮೈಸೂರಿನಂಥ ಹಳೆಯ ಊರಿನಲ್ಲಿ ನನ್ನ ಹೆಚ್ಚಿನ ಚಿಂತೆ ಈಗಾಗಲೇ ಹೊಡೆದಿರುವ ಬಣ್ಣದ್ದು. ಅಗ್ರಹಾರ, ಲಕ್ಷ್ಮೀಪುರಂ, ದೇವರಾಜ ಮೊಹಲ್ಲಾದ ಹಳೆಯ ಮನೆಗಳ ತೇಗದ ಬಾಗಿಲನ್ನು ಎಲ್ಲಾದರೂ ಸ್ವಲ್ಪ ಕೆರೆದು ನೋಡಿ. ಬೂದು, ಅದರಡಿ ಹಸಿರು, ಅದರಡಿ ಹಳದಿ, ಅದರಡಿ ಮತ್ತೊಂದು ಹಸಿರು, ಕೊನೆಗೆ ಮರ. ಇಂಥ ಹಳೆಯ ಬಣ್ಣದ ಹಳದಿ, ಕೇಸರಿ, ಕೆಂಪು ಪದರಗಳಲ್ಲಿ ಸೀಸದ ಕ್ರೋಮೇಟ್ ಇರುವ ಸಾಧ್ಯತೆ ಹೆಚ್ಚು. ಸುಮ್ಮನಿದ್ದಾಗ ಅದು ಯಾರಿಗೂ ತೊಂದರೆ ಕೊಡದು. ಹೊಸ ಬಣ್ಣ ಹಿಡಿಯಲೆಂದು ಎಮರಿ ಕಾಗದದಿಂದ ಒಣ ಉಜ್ಜಿದಾಗ ಅದೇ ಪದರ ದೂಳಾಗಿ ನೆಲಕ್ಕೆ, ಹಾಸಿಗೆಗೆ, ಅಂಬೆಗಾಲಿಡುವ ಮಗುವಿನ ಅಂಗೈಗೆ, ಅಲ್ಲಿಂದ ಬಾಯಿಗೆ ಹೋಗುತ್ತದೆ. ಹಳೆಯ ಶಾಲೆ, ಹಳೆಯ ವಸತಿಗೃಹಗಳಲ್ಲೂ ಇದೇ ಬಾಗಿಲುಗಳಿವೆ. ನೀರು ಚಿಮುಕಿಸಿ ಉಜ್ಜುವುದು, ಕೆಳಗೆ ಪ್ಲಾಸ್ಟಿಕ್ ಹಾಸುವುದು, ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸುವುದು, ಕೆಲಸ ಮುಗಿಯುವವರೆಗೂ ಮಕ್ಕಳನ್ನೂ ಬಸುರಿಯರನ್ನೂ ಆ ಕೋಣೆಯಿಂದ ದೂರವಿಡುವುದು. ಇಷ್ಟಕ್ಕೆ ಹೆಚ್ಚಿನ ಖರ್ಚಿಲ್ಲ, ಅಂದಾಜುಪಟ್ಟಿಯಲ್ಲಿ ಬರೆದರೆ ಕಂಟ್ರಾಕ್ಟರು ಮಾಡುತ್ತಾರೆ, ಬರೆಯದಿದ್ದರೆ ಯಾರೂ ಮಾಡುವುದಿಲ್ಲ.

ಬಣ್ಣ ಹೊಡೆಯುವವರ ಬಗ್ಗೆ ಹೇಳದಿದ್ದರೆ ಈ ಪತ್ರ ಅರೆಬರೆಯಾಗುತ್ತದೆ. ಹಾಸ್ಟೆಲ್ಲಿನ ಹುಡುಗ ಒಂದು ವಾರ ಉಸಿರಾಡುವ ಗಾಳಿಯನ್ನು ಪೇಂಟರ್ ಜೀವಮಾನವಿಡೀ ಉಸಿರಾಡುತ್ತಾನೆ. ನಾನು ಮೇಲೆ ಹೆಸರಿಸಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬಣ್ಣ ಹೊಡೆಯುವ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲನೆಯ ವರ್ಗಕ್ಕೆ ಸೇರಿಸಿದೆ. ಇವತ್ತಿಗೂ ನಮ್ಮ ಪೇಂಟರುಗಳು ಸಂಜೆ ಕೈಗೆ ಮೆತ್ತಿದ ಎನಾಮಲ್ಲನ್ನು ಟರ್ಪೆಂಟೈನ್ ಹಚ್ಚಿ ಉಜ್ಜಿ ತೊಳೆದು, ಅದೇ ಕೈಯಲ್ಲಿ ಬೀದಿಬದಿಯ ಚಹಾ ಹಿಡಿಯುತ್ತಾರೆ. ಬಾಯಿಗೆ ಕಟ್ಟುವ ಟವೆಲ್ಲಾಗಲಿ ತೆಳ್ಳನೆಯ ಬಟ್ಟೆ ಮಾಸ್ಕಾಗಲಿ ದೂಳನ್ನು ಒಂದಿಷ್ಟು ತಡೆದೀತೇ ಹೊರತು ಆವಿಯನ್ನು ತಡೆಯದು, ಅದಕ್ಕೆ ಇದ್ದಿಲಿನ ಸೋಸುಕವಿರುವ ಮಾಸ್ಕ್ ಬೇಕು. ನೀರು ಆಧಾರಿತ ಎನಾಮಲ್ ಎಂದರೆ ಹಲವು ಅನುಭವಿ ಮೇಸ್ತ್ರಿಗಳು ಮೂಗು ಮುರಿಯುತ್ತಾರೆ. ಅದು ಬೇಗ ಒಣಗುತ್ತದೆ, ಬ್ರಷ್ ಎಳೆದ ಗೆರೆ ಉಳಿಯುತ್ತದೆ, ಎಣ್ಣೆಬಣ್ಣದ ಹೊಳಪು ಬರುವುದಿಲ್ಲ ಎಂಬ ಅವರ ದೂರಿನಲ್ಲಿ ಹುರುಳಿಲ್ಲದಿಲ್ಲ. ಬರಿಯ ಕಬ್ಬಿಣದ ಮೇಲೆ ಅದನ್ನು ನೇರ ಬಳಿದರೆ ತುಕ್ಕಿನ ಕಲೆ ಮೂಡಬಹುದು, ಮೊದಲು ತಕ್ಕ ಮೆಟಲ್ ಪ್ರೈಮರ್ ಹೊಡೆಯಬೇಕು. ಹೊಳಪಿನ ಮಾತನ್ನು ಒಪ್ಪಿಕೊಂಡೇ ನಾನು ಇನ್ನೊಂದು ಮಾತು ಸೇರಿಸುತ್ತೇನೆ: ಬಿಳಿಯ ಎಣ್ಣೆಬಣ್ಣ ಬೆಳಕು ಕಡಿಮೆ ಇರುವ ಕೋಣೆಯಲ್ಲಿ ಕೆಲವೇ ವರ್ಷಗಳಲ್ಲಿ ಹಳದಿಗೆ ತಿರುಗುತ್ತದೆ, ನೀರಿನದು ಹಾಗೆ ತಿರುಗುವುದಿಲ್ಲ. ಡಬ್ಬದೊಳಗೆ ಸಿಗುವ, ಕೊಟ್ಟರೆ ಹಣ ಬರುವ ಟೋಕನ್ನಿನ ಆಸೆಗೆ ಯಾವ ಬಣ್ಣ ಕೊಳ್ಳಬೇಕೆಂದು ಪೇಂಟರ್ ಸಲಹೆ ಕೊಡುವ ಪದ್ಧತಿ ಎಲ್ಲರಿಗೂ ಗೊತ್ತು. ದಿನಗೂಲಿಯವನ ಆ ನಾಲ್ಕು ಕಾಸಿಗೆ ನನ್ನ ತಕರಾರಿಲ್ಲ, ಆದರೆ ಬಣ್ಣದ ಆಯ್ಕೆಯನ್ನು ಮನೆಯವರು ಪೂರ್ತಿಯಾಗಿ ಅವನಿಗೆ ಒಪ್ಪಿಸಿಬಿಡಬಾರದು.

ಹಾಗಿದ್ದರೆ ಸುಣ್ಣವೇ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಎಲ್ಲಿ ಎನ್ನುವುದರ ಮೇಲೆ ಅದು ನಿಂತಿದೆ. ಸುಣ್ಣದ ಗಾರೆಯಿಂದ ಕಟ್ಟಿದ ಹಳೆಯ ಗೋಡೆಗೆ ಸುಣ್ಣದಷ್ಟು ಹೊಂದುವ ಬಣ್ಣ ಇನ್ನೊಂದಿಲ್ಲ. ಗೋಡೆಯೊಳಗಿನ ತೇವ ಅದರ ಮೂಲಕ ಹೊರಬರುತ್ತದೆ, ಅದರ ಕ್ಷಾರ ಗುಣಕ್ಕೆ ಬೂಷ್ಟು ನಿಲ್ಲದು, ವಿಒಸಿ ಎಂಬ ಮಾತೇ ಇಲ್ಲ, ಆರುವಾಗ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಾಗುತ್ತದೆ. ಅಂಥ ಗೋಡೆಗೆ ಹೊಳಪಿನ ಎಮಲ್ಷನ್ ಹೊಡೆಸಿ, ತೇವ ಒಳಗೇ ಸಿಕ್ಕಿಕೊಂಡು, ಗುಳ್ಳೆಯೆದ್ದು ಹಪ್ಪಳಿಕೆಯಾಗಿ ಬಿದ್ದ ಮೇಲೆ ಗಾರೆಯನ್ನು ಬೈಯುವುದು ಸರಿಯಲ್ಲ. ಆದರೆ ಸುಣ್ಣ ಕೈಗೆ, ಬಟ್ಟೆಗೆ ಹತ್ತುತ್ತದೆ, ಒರೆಸಿದರೆ ಹೋಗುತ್ತದೆ, ನೂರಾರು ಮಕ್ಕಳು ಬೆನ್ನು ಒರಗಿಸುವ ಕಡೆ ಬಾಳದು. ಒಮ್ಮೆ ಎಮಲ್ಷನ್ ಕಂಡ ಗೋಡೆಗೆ ಅದು ಹಿಡಿಯುವುದೂ ಇಲ್ಲ. ಬಳಿಯುವಾಗ ಕಣ್ಣಿಗೆ ಸಿಡಿದರೆ ಕಣ್ಣಿಗೇ ಅಪಾಯ. ಆದುದರಿಂದ ಹಳೆಯ ಕಟ್ಟಡಗಳ ಚಾವಣಿಗೆ, ಉಗ್ರಾಣಕ್ಕೆ, ಗೋಡೆಯ ಮೇಲಿನ ಭಾಗಕ್ಕೆ ಸುಣ್ಣವನ್ನು ಉಳಿಸಿಕೊಳ್ಳಿ ಎಂದಷ್ಟೇ ನನ್ನ ಸಲಹೆ.

ಸಗಣಿಯಿಂದ ತಯಾರಿಸಿದ ಪ್ರಾಕೃತಿಕ ಬಣ್ಣವನ್ನು ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರ ಜನವರಿ 12ರಂದು ಬಿಡುಗಡೆ ಮಾಡಿತು. ಜೈಪುರದ ಕುಮಾರಪ್ಪ ರಾಷ್ಟ್ರೀಯ ಕೈಕಾಗದ ಸಂಸ್ಥೆ ರೂಪಿಸಿದ ಈ ಬಣ್ಣ ಡಿಸ್ಟೆಂಪರ್ ಮತ್ತು ಎಮಲ್ಷನ್ ಎರಡೂ ರೂಪದಲ್ಲಿ ಬರುತ್ತದೆ, ಬಿಡುಗಡೆಯಾದಾಗ ಲೀಟರಿಗೆ 120 ಮತ್ತು 225 ರೂಪಾಯಿ ಬೆಲೆ ಇತ್ತು. ಸಗಣಿ ಸಾರಿಸಿದ ನೆಲದಲ್ಲಿ ಬೆಳೆದ ನನ್ನಂಥವರಿಗೆ ಕೇಳಲು ಹಿತವಾದ ಸುದ್ದಿಯೇ. ಆದರೂ ಟೆಂಡರಿನಲ್ಲಿ ಭಾವನೆಗೆ ಅಂಕ ಕೊಡಬಾರದು. ಬೇರೆ ಬಣ್ಣಗಳಿಂದ ಕೇಳುವ ಪರೀಕ್ಷಾ ವರದಿಯನ್ನೇ ಅದರಿಂದಲೂ ಕೇಳಬೇಕು, ಒರೆಸಿದರೆ ಎಷ್ಟು ತಾಳುತ್ತದೆ ಎಂದೂ ನೋಡಬೇಕು, ತೇರ್ಗಡೆಯಾದರೆ ಸಂತೋಷದಿಂದ ಕೊಳ್ಳಬೇಕು.

ಸ್ವಂತ ಮನೆಯವರಿಗೆ ಎರಡು ಮಾತು. ಗೃಹಪ್ರವೇಶದ ಮುಹೂರ್ತ ನಿಗದಿಯಾದ ಮೇಲೆ ಬಣ್ಣದ ಕೆಲಸ ಅದಕ್ಕೆ ಓಡೋಡಿ ಬರುವುದು ಎಲ್ಲ ಮನೆಗಳ ಕತೆ. ಹಿಂದಿನ ರಾತ್ರಿ ಬಾಗಿಲಿಗೆ ಕೊನೆಯ ಕೋಟ್, ಬೆಳಗಿನ ಜಾವ ಹೋಮ, ಹಾಲುಕ್ಕಿಸುವುದು, ಮಧ್ಯಾಹ್ನ ಊಟ, ರಾತ್ರಿ ಅಲ್ಲೇ ಮಲಗಬೇಕೆಂಬ ಶಾಸ್ತ್ರ, ಆ ಮಲಗುವವರಲ್ಲಿ ಬಾಣಂತಿ, ಕೂಸು, ದಮ್ಮಿನ ಅಜ್ಜಿ ಎಲ್ಲರೂ. ಮುಹೂರ್ತ ಬದಲಾಗದು, ಬಣ್ಣದ ಕ್ರಮವನ್ನಾದರೂ ಬದಲಿಸಿಕೊಳ್ಳಬಹುದು. ಪಾಲಿಶ್ ಮತ್ತು ಎನಾಮಲ್ ಕೆಲಸವನ್ನು ಮೊದಲು ಮುಗಿಸಿ, ಗೋಡೆಯ ಕೊನೆಯ ಕೋಟನ್ನು ಕಡೆಗೆ ಇಟ್ಟುಕೊಳ್ಳಿ, ಕೋಣೆಗಳ ಪೈಕಿ ಮಲಗುವ ಕೋಣೆಗಳನ್ನು ಮೊದಲು ಮುಗಿಸಿ, ಮುಹೂರ್ತಕ್ಕೆ ಮುನ್ನ ಒಂದೆರಡು ವಾರ ಗಾಳಿಗೆ ಬಿಡಿ. ಶಾಸ್ತ್ರಕ್ಕೆ ಮನೆಯ ಹಿರಿಯರಿಬ್ಬರು ಮಲಗಿದರೂ ನಡೆಯುತ್ತದೆ, ಕೂಸು ಆ ರಾತ್ರಿ ಹಳೆಯ ಮನೆಯಲ್ಲಿರಲಿ.

ಬಾಡಿಗೆ ಮನೆಗಳ ಸಂಗತಿ ಇನ್ನೂ ವಿಚಿತ್ರ. ಖಾಲಿ ಮಾಡುವವರ ಮುಂಗಡದಲ್ಲಿ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಇಲ್ಲಿನ ರೂಢಿ. ಆ ಹಣದಲ್ಲಿ ಅತಿ ಅಗ್ಗದ ಬಣ್ಣವನ್ನು ಎರಡೇ ದಿನದಲ್ಲಿ ಬಳಿಸಿ, ಮೂರನೆಯ ದಿನ ಹೊಸ ಬಾಡಿಗೆದಾರರಿಗೆ ಬೀಗದ ಕೈ ಕೊಡುತ್ತಾರೆ. ಬಣ್ಣದ ಖರ್ಚು ಕೊಟ್ಟವನು ಹೊರಗೆ, ಅದರ ಘಾಟು ಕುಡಿಯುವವನು ಒಳಗೆ, ಆಯ್ಕೆ ಮಾಡುವವನು ಇಬ್ಬರೂ ಅಲ್ಲ. ಕರಾರುಪತ್ರಕ್ಕೆ ಸಹಿ ಹಾಕುವ ಮುನ್ನ ಬಣ್ಣ ಯಾವುದು, ಹೊಡೆದು ಎಷ್ಟು ದಿನವಾಯಿತು ಎಂದು ಕೇಳುವ ಹಕ್ಕು ಬಾಡಿಗೆದಾರರಿಗೆ ಇದೆ, ಸಂಕೋಚ ಬೇಡ. ಅಗ್ಗದ್ದೆಲ್ಲ ಕೆಟ್ಟದ್ದೆಂದೂ ತಿಳಿಯಬೇಕಿಲ್ಲ. ಮಾಮೂಲಿ ಡಿಸ್ಟೆಂಪರ್ ಕೂಡ ನೀರಿನಲ್ಲಿ ಕಲಸುವ ಬಣ್ಣವೇ, ಅದರ ವಿಒಸಿ ಸಂಖ್ಯೆ ಕೇಳಿ ತೀರ್ಮಾನಿಸಬಹುದು.

ಮಾನ್ಯರೇ, ಈಗ ತಮ್ಮಿಂದ ನಾನು ಕೋರುವುದಿಷ್ಟು. ಜಿಲ್ಲೆಯಲ್ಲಿ ಜನ ಮಲಗುವ, ಮಕ್ಕಳು ಕೂರುವ ಎಲ್ಲ ಸರ್ಕಾರಿ ಕಟ್ಟಡಗಳ ಒಳಬಣ್ಣದ ಅಂದಾಜುಪಟ್ಟಿಯಲ್ಲಿ ಆ ಹಳೆಯ ಸಾಲಿನ ಜೊತೆಗೆ, ಒಳಗೋಡೆಯ ಬಣ್ಣದಲ್ಲಿ ವಿಒಸಿ ಲೀಟರಿಗೆ 30 ಗ್ರಾಂ ಮತ್ತು ಬಾಗಿಲು, ಕಿಟಕಿಯ ಬಣ್ಣದಲ್ಲಿ 130 ಗ್ರಾಂ ಮೀರಬಾರದು, ಛಾಯೆ ಬೆರೆಸಿದ ಮೇಲಿನ ಪ್ರಮಾಣವನ್ನೇ ಪರಿಗಣಿಸಬೇಕು, ಬಣ್ಣದ ವಿಒಸಿ ಅಳೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 11890 ವಿಧಾನದ ಪರೀಕ್ಷಾ ವರದಿ ಲಗತ್ತಿಸಬೇಕು, ಸೀಸ 90 ಪಿಪಿಎಂ ಒಳಗಿದೆ ಎಂಬ ಬರಹ ಡಬ್ಬದ ಮೇಲೆ ಇರಬೇಕು ಎಂದು ಬರೆಯಲು ಆದೇಶಿಸಿ. 30 ಗ್ರಾಂ ಈಗಲೇ ಕಷ್ಟವೆಂದು ಅಧಿಕಾರಿಗಳು ಹೇಳಿದರೆ ಮೊದಲ ವರ್ಷ 50 ಗ್ರಾಂನಿಂದ ಆರಂಭಿಸಬಹುದು, ಆದರೆ ಸಂಖ್ಯೆಯೊಂದು ಇರಲೇಬೇಕು. ಸರ್ಕಾರಿ ಖರೀದಿಗೆ ಅನ್ವಯಿಸುವ ರಾಜ್ಯದ 1999ರ ಪಾರದರ್ಶಕತಾ ಕಾಯ್ದೆಯಡಿ ಕರೆಯುವ ಟೆಂಡರಿಗೆ ಇದರಿಂದ ತೊಡಕಾಗದು. ಯಾವ ಕಂಪನಿಯ ಹೆಸರನ್ನೂ ಹೇಳದೆ ಗುಣವನ್ನು ಸಂಖ್ಯೆಯಲ್ಲಿ ಹೇಳುವುದರಿಂದ ಸ್ಪರ್ಧೆ ಎಲ್ಲರಿಗೂ ತೆರೆದೇ ಇರುತ್ತದೆ. ಕೇಂದ್ರ ಸರ್ಕಾರ 1991ರಲ್ಲೇ ಆರಂಭಿಸಿದ, ಪರಿಸರಸ್ನೇಹಿ ವಸ್ತುಗಳಿಗೆ ಮಣ್ಣಿನ ಮಡಕೆಯ ಚಿಹ್ನೆ ಕೊಡುವ ಇಕೋಮಾರ್ಕ್ ಯೋಜನೆಯಲ್ಲಿ ಬಣ್ಣಗಳೂ ಸೇರಿವೆ, ಆ ಚಿಹ್ನೆ ಇರುವ ಬಣ್ಣ ಸಿಕ್ಕರೆ ಆದ್ಯತೆ ಕೊಡಬಹುದು. ಕೊನೆಯ ಕೋಟ್ ಹೊಡೆದ ದಿನಾಂಕವನ್ನು ಅಳತೆ ಪುಸ್ತಕದಲ್ಲಿ ನಮೂದಿಸಿ, ಅಲ್ಲಿಂದ ಕನಿಷ್ಠ ಏಳು ದಿನ ಕಿಟಕಿಗಳನ್ನು ತೆರೆದಿಟ್ಟು, ಆಮೇಲೆಯೇ ಕೋಣೆಯನ್ನು ವಾರ್ಡನ್ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಒಪ್ಪಿಸುವಂತಾಗಲಿ, ಅವರ ಸಹಿಯಿಲ್ಲದೆ ಬಿಲ್ಲು ಪಾಸಾಗದಿರಲಿ. ಸಹಿಯ ಈ ಷರತ್ತು ಚಿಕ್ಕದೆಂದು ಕಂಡೀತು. ಬಿಲ್ಲಿಗೆ ಕಟ್ಟಿಹಾಕಿದ ನಿಯಮಗಳು ಮಾತ್ರ ಪಾಲನೆಯಾಗುತ್ತವೆ ಎಂಬುದು ಆ ಕಚೇರಿಗಳಲ್ಲಿ ಕೂತು ಬಂದ ನನಗೆ ಚೆನ್ನಾಗಿ ಗೊತ್ತು. ಮಂಜೂರಾತಿಯನ್ನು ಮಾರ್ಚಿಗೆ ಮುನ್ನವೇ ಕೊಟ್ಟು ಕೆಲಸವನ್ನು ಬೇಸಿಗೆ ರಜೆಗೆ ತಂದರೆ ಇದರಲ್ಲಿ ಅರ್ಧ ತಾನಾಗಿಯೇ ಆಗುತ್ತದೆ.

ಬಣ್ಣಕ್ಕಾಗಿ ನಾವು ದೂರ ಹೋಗಬೇಕಾಗಿಯೂ ಇಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂಬ ಹೆಸರಿನಿಂದ ಆರಂಭವಾದ ಕಾರ್ಖಾನೆ ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ರಾಜ್ಯ ಸರ್ಕಾರದ ಸಂಸ್ಥೆಯಾಗಿ ಇದೇ ಊರಿನಲ್ಲಿದೆ. 1962ರ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಗೆ ಅದು ಹೆಸರುವಾಸಿ. ಜಿಲ್ಲೆಯ ಒಳಬಣ್ಣದ ಒಟ್ಟು ಬೇಡಿಕೆ ವರ್ಷಕ್ಕೆ ಎಷ್ಟು ಲೀಟರ್ ಎಂದು ಲೆಕ್ಕ ತೆಗೆಸಿ, ಈ ಮಿತಿಯೊಳಗಿನ ನೀರು ಆಧಾರಿತ ಎಮಲ್ಷನ್ ಮತ್ತು ಎನಾಮಲ್ ಪೂರೈಸಲು ಸಾಧ್ಯವೇ ಎಂದು ಆ ಸಂಸ್ಥೆಯನ್ನು ತಾವು ಬರಹದಲ್ಲಿ ಕೇಳಬಹುದು. ಖರೀದಿದಾರ ಇದ್ದಾನೆಂದು ಮೊದಲೇ ಗೊತ್ತಾದರೆ ತಯಾರಕರ ಉತ್ತರವೇ ಬೇರೆ ಇರುತ್ತದೆ.

ಕೊನೆಯದಾಗಿ ಖಾಲಿ ಡಬ್ಬಗಳು. ಬಣ್ಣದ ಡಬ್ಬಗಳು ಮನೆಯ ಅಪಾಯಕಾರಿ ತ್ಯಾಜ್ಯವೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿದ್ದವು. 2015 ಮತ್ತು 2016ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ನಮ್ಮ ಊರಿನಲ್ಲಿ ಅರ್ಧ ಉಳಿದ ಎನಾಮಲ್, ಬ್ರಷ್ ತೊಳೆದ ಥಿನ್ನರ್ ಇಂದಿಗೂ ಮನೆಯ ಮುಂದಿನ ಮಳೆನೀರಿನ ಚರಂಡಿಗೆ ಹೋಗುತ್ತವೆ, ಆ ಚರಂಡಿಗಳು ಕೆರೆಗಳಿಗೆ ಹೋಗುತ್ತವೆ. ದಸರೆಗೆ ಮುಂಚಿನ ಎರಡು ತಿಂಗಳು, ಊರೆಲ್ಲ ಬಣ್ಣ ಹೊಡೆಸುವ ಹೊತ್ತಿಗೆ, ವಲಯಕ್ಕೊಂದು ಕಡೆ ಡಬ್ಬ ಮತ್ತು ಉಳಿದ ಬಣ್ಣ ತೆಗೆದುಕೊಳ್ಳುವ ವ್ಯವಸ್ಥೆಯನ್ನು ನಗರಪಾಲಿಕೆ ಮಾಡುವಂತೆ ತಾವು ಸೂಚಿಸಿದರೆ, ಹಣ ಕೊಟ್ಟು ಕೊಂಡದ್ದನ್ನು ಹೊತ್ತುಕೊಂಡು ಹೋಗಿ ಕೊಡಲು ಜನ ತಯಾರಿದ್ದಾರೆ. ಉಳಿದ ಎಮಲ್ಷನ್ನಿನಲ್ಲಿ ಅಂಗನವಾಡಿಯ ಕಾಂಪೌಂಡಿಗೆ ಒಂದು ಕೋಟ್ ಬಂದೀತು.

ಮುಂದಿನ ಆರ್ಥಿಕ ವರ್ಷದ ಅಂದಾಜುಪಟ್ಟಿಗಳು ತಯಾರಾಗುವ ಮುನ್ನವೇ ಈ ವಿಷಯವನ್ನು ಇಲಾಖಾ ಮುಖ್ಯಸ್ಥರ ಸಭೆಯ ಕಾರ್ಯಸೂಚಿಗೆ ಸೇರಿಸಬೇಕೆಂದು ಪ್ರಾರ್ಥಿಸುತ್ತೇನೆ. ಆ ಸಾಲನ್ನು ಹೇಗೆ ಬರೆಯಬೇಕೆಂಬ ಕರಡನ್ನು ತಮ್ಮ ಇಂಜಿನಿಯರುಗಳೊಂದಿಗೆ ಕೂತು ಸಿದ್ಧಪಡಿಸಿಕೊಡಲು ನಾನು ಸಂಭಾವನೆಯಿಲ್ಲದೆ ಬರುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕಟ್ಟಡ ಇಂಜಿನಿಯರ್
ಮೈಸೂರು

ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳು, ಮಂಡ್ಯ ಜಿಲ್ಲೆ, ಇದೇ ಕೋರಿಕೆಯೊಂದಿಗೆ.